ಬಂಡೆಯೊಳಗಿನವರ ವ್ಯಾಕರಣ

ಒಂಬತ್ತನೇ ಇಯತ್ತೆಯ ಬೇಸಿಗೆಯಲ್ಲಿ
ಇನ್ನೂರು ಪುಟದ ಉದ್ದ ನೋಟುಬುಕ್ಕಿನೊಳಗೆ
ನಾನೊಂದು ಭಾಷೆ ಮಾಡಿದ್ದೆ.
ಗುಳೇದಗುಡ್ಡದ ಕೆಂಪು ಬಂಡೆಗಳ ಒಳಗೆ
ಯಾರಿಗೂ ಕಾಣದೆ ಇರುವವರ ಭಾಷೆ. ಹೆಸರು ಒರೂಝ.
ಮೂವತ್ತೊಂದು ಅಕ್ಷರ, ಎಲ್ಲವೂ ಚೂಪು,
ಬರೆಯುವುದು ಬಲದಿಂದ ಎಡಕ್ಕೆ,
ಒತ್ತು ಕೆಳಗಲ್ಲ, ತಲೆಯ ಮೇಲೆ.
ಕತ್ತಿಗೆ ಹನ್ನೊಂದು ಶಬ್ದ.
ರೆಕ್ಕೆಯ ಹಾವಿಗೆ ಏಳು, ಅದು ಸಿಟ್ಟಾದಾಗ ಬೇರೆ ಎರಡು.

ಕಲಿಯುವವರು ಇರಲಿಲ್ಲ.
ದಾವಲಸಾಬ ಮೂರಕ್ಷರ ಕಲಿತು ಕ್ರಿಕೆಟ್ಟಿಗೆ ಹೋದ.
ಉಳಿದವಳು ಹಂಪವ್ವತ್ತಿ, ಅಪ್ಪನ ಅಕ್ಕ,
ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು
ನಲವತ್ತು ವರ್ಷ ಖಣ ನೇಯ್ದವಳು,
ಕನ್ನಡದ ಅ ಕೂಡ ಬರೆದವಳಲ್ಲ.
"ನನಗೂ ಕಲಸೋ" ಅಂದಳು.
"ಈ ವಯಸ್ಸಿನ್ಯಾಗ ಕನ್ನಡ ಕಲತರ ಮಂದಿ ನಗತಾರ.
ಇದು ಯಾರಿಗೂ ಬರೂದಿಲ್ಲಲಾ,
ತಪ್ಪಂತ ಹೇಳಾವ್ರ್ಯಾರು?"

ಹೇಳುವವನು ನಾನಿದ್ದೆ, ಬೆತ್ತವಿಲ್ಲದ ಮಾಸ್ತರ.

ಮೊದಲಕ್ಷರ ಮುರಿದ ಈಟಿ ಎಂದೆ.
"ಈಟಿ ಎಲ್ಲಿದು, ಅರ್ಧಾ ಸೂಜಿಮಲ್ಲಿಗಿ."
ಉರಿಯುವ ಕೋಟೆ ಅವಳಿಗೆ ತುಳಸಿಪಾನ.
ಇಪ್ಪತ್ತೊಂಬತ್ತಕ್ಕೂ ಅವಳ ಹತ್ತಿರ ಖಣದ ಹೂವಿತ್ತು.
ಉಳಿದೆರಡನ್ನು ದೀಪದ ಹತ್ತಿರ ಹಿಡಿದು ನೋಡಿದಳು:
"ಚೊಲೋ ಅದಾವ."
ಪಾಟಿಯ ಮೇಲೆ ಮೊದಲ ಸಾಲು ಬಲದಿಂದ ಎಡಕ್ಕೆ ಬರೆದು
ಎರಡನೆಯದನ್ನು ಎಡದಿಂದಲೇ ಹೊರಡಿಸಿದಳು.
ತಿದ್ದಲು ಹೋದೆ.
"ಲಾಳಿ ಬರಿಗೈಲೆ ತಿರಿಗಿ ಬರತೈತೇನೋ?"
ನಾಲ್ಕನೇ ನಿಯಮ ಹೊಡೆದು ಹಾಕಿದೆ.

ಝ ಅನ್ನಲು ನಾಲಿಗೆ ಮುಂದಿನ ಹಲ್ಲಿಗೆ ತಾಗಬೇಕು.
ಅವಳಿಗೆ ಆ ಎರಡು ಹಲ್ಲಿರಲಿಲ್ಲ.
ಗಾಳಿ ಸೋರಿ, ಒರೂಹ್.
ದಕ್ಷಿಣದ ಬಂಡೆಯವರ ಉಚ್ಚಾರ, ಎಂದು ಕೆಂಪು ಶಾಯಿಯಲ್ಲಿ ಬರೆದುಕೊಂಡೆ.

ವ್ಯಾಕರಣದಲ್ಲಿ ಮಾತ್ರ ನಾನು ಸೋತೆ.
"ನೂಲ ಹರದಾಗ ಏನಂತಾರ?" ಶಬ್ದವಿಲ್ಲ.
"ಉಪ್ಪ ಕಡಾ ಕೊಡ ಅನ್ನಾಕ?" ಇಲ್ಲ.
"ಬ್ಯಾಡ ಅನ್ನಾಕ?"
ಅವರು ಬೇಡ ಅನ್ನುವುದಿಲ್ಲ, ಕತ್ತಿ ಹಿರಿಯುತ್ತಾರೆ ಎಂದೆ.
"ಹೆಂಗಸ್ರು?"
ಇನ್ನೂರು ಪುಟ ತಿರುವಿದೆ. ಒಬ್ಬಳೂ ಇರಲಿಲ್ಲ.

ಆ ರಾತ್ರಿ ಬೇಡ ಎಂಬುದಕ್ಕೆ ಒಂದು ಶಬ್ದ ಮಾಡಿದೆ: ಮಿ.
ಅವಳು ಇಡೀ ದಿನ ಅದನ್ನೇ ಅಂದಳು,
ಚಹಾಕ್ಕೆ ಮಿ, ಬೆಕ್ಕಿಗೆ ಮಿ,
ಬಾಕಿ ಕೇಳಲು ಬಂದ ನೂಲಿನ ಸಾವಕಾರನಿಗೆ ಮಿ.
ಆಮೇಲೆ ಒಂದು ಕಾಲ ಕೇಳಿದಳು.
"ಆಗಬೇಕಾಗಿತ್ತು, ಆಗಲಿಲ್ಲ,
ಖರೇ ಇನ್ನಾ ಮನಸಿನ್ಯಾಗ ಐತಿ,
ಅಂಥಾದ್ದಕ್ಕೊಂದು ಬಾಲಾ ಹಚ್ಚು."
ಹಚ್ಚಿ ಕೊಟ್ಟೆ.
ಎರಡು ಸಲ ಪಾಟಿಯ ಮೇಲೆ ಬರೆದು
ನಾನು ಓದುವ ಮೊದಲೇ ಸೆರಗಿನಿಂದ ಒರೆಸಿದಳು.

ನೇಕಾರ ಸಂಘದಲ್ಲಿ ಕೂಲಿ ಬಟವಾಡೆಯ ದಿನ
ಗುಮಾಸ್ತ ಮೊನ್ನಪ್ಪ ಹೆಬ್ಬೆಟ್ಟಿನ ಮಸಿ ಮುಂದೆ ತಳ್ಳಿದ.
ಅವಳು ಮಸಿಯನ್ನು ಪಕ್ಕಕ್ಕಿಟ್ಟು
ಅವನ ಕಿಸೆಯ ಪೆನ್ನು ಬೇಡಿದಳು.
ಮೂರಕ್ಷರ, ತಲೆಯ ಮೇಲೊಂದು ಒತ್ತು.
"ಇದೇನ ಹಂಪಕ್ಕ, ಮೋಡಿ ಲಿಪಿ ಏನ?"
"ಸಹಿ."
ರಿಜಿಸ್ಟರು ತಿರುಗಿಸಿ, ಕನ್ನಡಕ ಏರಿಸಿ ನೋಡಿದ.
"ಮುಂದಿನ ತಿಂಗಳಾನೂ ಹಿಂಗ ಬರಬೇಕ ನೋಡು."
ಬಂತು. ಅದರ ಮುಂದಿನ ತಿಂಗಳೂ. ಹದಿನಾರು ವರ್ಷ.

ನೋಟುಬುಕ್ಕು ಗೆದ್ದಲಿಗೆ ಹೋಯಿತು.
ಕತ್ತಿಯ ಹನ್ನೊಂದರಲ್ಲಿ ಒಂದೂ ನೆನಪಿಲ್ಲ ನನಗೆ.
ಮೊನ್ನೆ ಬಾದಾಮಿ ಬಸ್ಸಿನಲ್ಲಿ
ಮುಂದಿನ ಸೀಟಿನ ಗುರುತಿಲ್ಲದ ಹೆಣ್ಣುಮಗಳು,
ಅವಳ ಕುಪ್ಪಸದ ಬೆನ್ನ ತುಂಬ
ನನ್ನ ಇಪ್ಪತ್ತೇಳನೇ ಅಕ್ಷರ,
ಒಂದು ಸಾಲು ಬಲಕ್ಕೆ, ಒಂದು ಸಾಲು ಎಡಕ್ಕೆ.
ಕಂಡಕ್ಟರ್ ಎರಡು ಸಲ ಟಿಕೆಟ್ ಕೇಳಿದನಂತೆ.
ನಾನು ಓದುತ್ತಿದ್ದೆ,
ಮುಂದಿನ ಹಲ್ಲಿಗೆ ನಾಲಿಗೆ ತಾಗಿಸದೆ.